ಗ್ರಂಥಾಲಯದ ಕಪಾಟು ತೆರೆಸಿ, ಜಾಲದಲ್ಲಿ ಕನ್ನಡ ತುಂಬಿಸಿ!

ಕನ್ನಡದ ತರುಣ ಗೆಳೆಯರೇ,

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು! ಬೀದಿಗಿಳಿದು ಕೂಗಿದ್ದರಿಂದಲೇ ಅಲ್ಲವೇ, ಬೋರ್ಡಿನ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದದ್ದು? ಸಂತೋಷ. ಈಗ ನಿಮಗೇ ಒಂದು ಪ್ರಶ್ನೆ. ನಿಮ್ಮ ಜೇಬಿನ ಮೊಬೈಲಿನಲ್ಲಿ ಕನ್ನಡ ನೂರಕ್ಕೆ ಎಷ್ಟು ಭಾಗ?

ನಿಮ್ಮ ಅಜ್ಜನ ಊರಿನ ಹೆಸರನ್ನು ಕನ್ನಡದಲ್ಲಿ ಟೈಪು ಮಾಡಿ ಹುಡುಕಿ. ಸಿಕ್ಕರೆ ನಾಲ್ಕು ಸಾಲು, ಇಲ್ಲದಿದ್ದರೆ ಅದೂ ಇಲ್ಲ. ಮನೆಪಾಠ ಮಾಡುವ ನಿಮ್ಮ ತಂಗಿ ಎರಡು ಸಲ ಕನ್ನಡದಲ್ಲಿ ಹುಡುಕುತ್ತಾಳೆ, ಮೂರನೆಯ ಸಲ ಇಂಗ್ಲಿಷಿಗೆ ಹೋಗುತ್ತಾಳೆ. ಹೋದವಳು ಮತ್ತೆ ಬರುವುದಿಲ್ಲ. ಒಂದು ಭಾಷೆ ಸೋಲುವುದು ಹೀಗೆ, ಸದ್ದಿಲ್ಲದೆ!

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಇಪ್ಪತ್ತು ವರ್ಷ ದಾಟಿದರೂ ಲೇಖನಗಳು 30 ಸಾವಿರಕ್ಕಿಂತ ತುಸು ಹೆಚ್ಚು, ಅಷ್ಟೆ. ಮಲಯಾಳಿಗಳು 80 ಸಾವಿರ ದಾಟಿದ್ದಾರೆ. ತೆಲುಗಿನವರದು ಲಕ್ಷದ ಆಸುಪಾಸು. ತಮಿಳರದು ಒಂದೂವರೆ ಲಕ್ಷಕ್ಕೂ ಮೇಲೆ. ಇಲ್ಲಿ ನಮ್ಮನ್ನು ಯಾವ ದೆಹಲಿ ತಡೆಯಿತು? ಯಾವ ಪರಭಾಷಿಕ ನಮ್ಮ ಕೈ ಕಟ್ಟಿದ? ಯಾರೂ ಇಲ್ಲ! ಅವರು ಕೂತು ಬರೆದರು, ನಾವು ನಿಂತು ಕೂಗಿದೆವು.

ವಿಕಿ ಎಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಟ. “ಹಾಗಾದರೆ ಅದು ಕಸದ ತೊಟ್ಟಿ” ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಸ್ವಾಮಿ, ಕಸ ಬೀಳುವುದು ಆಧಾರ ಇಲ್ಲದ ಕಡೆ. ಬರೆದ ಮಾತಿಗೆ ಆಧಾರ ಕೊಡು ಎಂಬುದೇ ವಿಕಿಪೀಡಿಯದ ಕಟ್ಟುಪಾಡು. ಆ ಆಧಾರ ಎಲ್ಲಿದೆ? ನಿಮ್ಮ ಬೀದಿಯ ಗ್ರಂಥಾಲಯದಲ್ಲಿ!

ಒಂದು ಉದಾಹರಣೆ ನೋಡಿ. ‘ಬೆಂದಕಾಳೂರು’ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 900ರ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತಿದೆ. ಈ ಊರಿಗೆ ಹನ್ನೊಂದು ಶತಮಾನಗಳ ಹಿಂದೆಯೇ ಕನ್ನಡದ ಹೆಸರಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಇಂಥ ಸಾಕ್ಷಿಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ, ಗೆಜೆಟಿಯರುಗಳಲ್ಲಿ ಕೂತಿವೆ. ಕಪಾಟಿನಲ್ಲಿ ಧೂಳು ಹಿಡಿದರೆ ಅದು ಬರೀ ಕಾಗದ. ಪುಟಸಂಖ್ಯೆಯ ಸಮೇತ ವಿಕಿಗೆ ಬಂದರೆ ಅದು ಕನ್ನಡಿಗನ ಕೈಯ ಆಯುಧ.

ಗ್ರಂಥಾಲಯದವರನ್ನು ಕೇಳಲು ಸಂಕೋಚ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ, ಮನೆ ಕಂದಾಯದ ಜೊತೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನೀವು ಬಾಡಿಗೆ ಮನೆಯಲ್ಲಿದ್ದರೂ ನಿಮ್ಮ ಬಾಡಿಗೆಯಲ್ಲಿ ಅದು ಸೇರಿಯೇ ಇದೆ. ದುಡ್ಡು ನಿಮ್ಮದು, ಕಪಾಟು ನಿಮ್ಮದು, ಪುಸ್ತಕ ನಿಮ್ಮದು!

2016ರಿಂದ ಜಗತ್ತಿನ ಗ್ರಂಥಪಾಲಕರು ‘ಒಬ್ಬ ಗ್ರಂಥಪಾಲಕ, ಒಂದು ಆಧಾರ’ ಎಂಬ ಅಭಿಯಾನ ನಡೆಸುತ್ತಿದ್ದಾರೆ. ಒಬ್ಬೊಬ್ಬರೂ ವಿಕಿಪೀಡಿಯಕ್ಕೆ ಒಂದಾದರೂ ಆಧಾರ ಸೇರಿಸಬೇಕು, ಅಷ್ಟೆ. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕೆ? ಮಂತ್ರಿಯ ಉದ್ಘಾಟನೆ ಬೇಕೆ?

ಇನ್ನೊಂದು ಸಂಗತಿ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ 60 ವರ್ಷದ ಬಳಿಕ ಅವನ ಕೃತಿ ಎಲ್ಲರ ಸ್ವತ್ತು. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ, ಆಲೂರು ವೆಂಕಟರಾಯರು 1964ರಲ್ಲಿ. ಕರ್ನಾಟಕ ಏಕೀಕರಣದ ಕನಸು ಕಂಡ ಆಲೂರರ ಪುಸ್ತಕ ಈಗ ನಿಮ್ಮ ಆಸ್ತಿ! ಅದನ್ನು ವಿಕಿಸೋರ್ಸ್‌ಗೆ ಹಾಕಲು ಯಾರ ಅಪ್ಪಣೆಯೂ ಬೇಡ. ಅಲ್ಲಿ ಒಂದು ಕಡೆ ಹಳೆಯ ಪುಟದ ಚಿತ್ರ, ಪಕ್ಕದಲ್ಲೇ ಅಕ್ಷರ. ಒಬ್ಬರು ತಿದ್ದಿದರೆ ಪುಟದ ಗುರುತು ಹಳದಿಯಾಗುತ್ತದೆ, ಇನ್ನೊಬ್ಬರು ಪರಿಶೀಲಿಸಿದರೆ ಹಸಿರಾಗುತ್ತದೆ. ದಿನಕ್ಕೆ ಒಂದು ಪುಟ ತಿದ್ದಲು ನಿಮಗೆ ಪುರುಸೊತ್ತಿಲ್ಲವೇ?

ಜಾಲದಲ್ಲಿ ಅಲ್ಲಲ್ಲಿ ಚೆಲ್ಲಿರುವ ಒಳ್ಳೆಯ ಕನ್ನಡ ಪುಟಗಳ ಗತಿ ಏನು? ಓದಿದ ಪುಟದ ವಿಳಾಸ ಉಳಿಸಿ, ಅದಕ್ಕೆ ನಮ್ಮದೇ ಪದದ ಚೀಟಿ ಅಂಟಿಸಿ, ಎಲ್ಲರಿಗೂ ಕಾಣುವಂತೆ ಇಡುವ ಸಾಧನಗಳು ಎಂದೋ ಬಂದವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ‘ಪೆನ್‌ಟ್ಯಾಗ್ಸ್’ ಎಂಬ ತನ್ನದೇ ಸಾಧನ ಕಟ್ಟಿಕೊಂಡಿತ್ತು. 2003ರಲ್ಲಿ ಹುಟ್ಟಿದ ‘ಡಿಲಿಶಿಯಸ್’ ಲೋಕಪ್ರಸಿದ್ಧವಾಯಿತು. ಆದರೆ ಕೈಯಿಂದ ಕೈಗೆ ಮಾರಾಟವಾಗಿ, 2017ರಲ್ಲಿ ಹೊಸದೇನನ್ನೂ ಸೇರಿಸದಂತೆ ನಿಂತುಹೋಯಿತು. ಪಾಠ ಏನು? ಪರರ ಜಗಲಿಯಲ್ಲಿ ನಮ್ಮ ಗಂಟು ಇಡಬಾರದು! ನಮ್ಮ ಗ್ರಂಥಾಲಯಕ್ಕೆ ನಮ್ಮದೇ ವಿಕಿ ಇರಲಿ. ಅದರಲ್ಲಿ ಕೆರೆ, ಜಾತ್ರೆ, ವೀರಗಲ್ಲು, ರಾಗಿ ಎಂಬ ನಮ್ಮ ಮಾತಿನಲ್ಲೇ ಕೊಂಡಿಗಳ ಪಟ್ಟಿ ಬೆಳೆಯಲಿ.

“ಸಿಬ್ಬಂದಿ ಇಲ್ಲ, ಏನು ಮಾಡೋಣ?” ಎಂದು ಗ್ರಂಥಪಾಲಕರು ಕೈಚೆಲ್ಲಬಹುದು. ಸಿಬ್ಬಂದಿ ಇಲ್ಲ ಎನ್ನುವುದು ನಿಜವೇ. ಅವರ ಮೇಲೆ ರೇಗಬೇಡಿ. “ಸಾರ್, ನಾವಿದ್ದೇವೆ” ಎನ್ನಿ!

ಬರುವ ಭಾನುವಾರ ಐದು ಜನ ಕೂಡಿ ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ. ವಾರಕ್ಕೆ ಎರಡು ಗಂಟೆ ಒಂದು ಮೇಜು ಕೊಡಿ ಎಂದು ಲಿಖಿತವಾಗಿ ಮನವಿ ಕೊಡಿ. ನಿಮ್ಮ ಊರಿನ ಬಗ್ಗೆ ಒಂದು ಲೇಖನ, ಅದಕ್ಕೆ ಮೂರು ಆಧಾರ, ಹತ್ತು ಕೊಂಡಿಗಳ ಒಂದು ಪಟ್ಟಿ: ಮೊದಲ ತಿಂಗಳಿಗೆ ಇಷ್ಟು ಸಾಕು. ಮೇಜು ಕೊಡದಿದ್ದರೆ? ಆಗ ಕೂಗೋಣ, ಕೂಗುವುದು ನಮಗೆ ಗೊತ್ತೇ ಇದೆ!

ನವೆಂಬರಿನಲ್ಲಿ ಬಾವುಟ ಹಿಡಿಯುವ ಕೈ ಉಳಿದ ಹನ್ನೊಂದು ತಿಂಗಳು ಕನ್ನಡದಲ್ಲಿ ಬರೆಯಲಿ. ಆಗ ನಿಮ್ಮ ತಂಗಿ ಹುಡುಕಿದರೆ ಸಿಗುತ್ತದೆ. ಕನ್ನಡದಲ್ಲೇ ಸಿಗುತ್ತದೆ!

ಸಿರಿಗನ್ನಡಂ ಗೆಲ್ಗೆ!