ಎಂಜಲೆಲೆ ಮತ್ತು ಏಣಿ

ನಂಬಿಕೆಯನ್ನು ಪ್ರಶ್ನೆ ಮಾಡಬಾರದು ಅಂತಾರೆ. ಆಯ್ತು ಸ್ವಾಮಿ, ಪ್ರಶ್ನೆ ಬೇಡ. ಲೆಕ್ಕ ಕೇಳಬಹುದಲ್ಲ?

ಪುತ್ತೂರು, ಸುಳ್ಯ, ಕಡಬದ ಮಣ್ಣಿನಲ್ಲಿ ಬದುಕುವ ನಾವು ಒಂದು ಲೆಕ್ಕವನ್ನು ತಲೆಮಾರುಗಳಿಂದ ಕೇಳದೆ ಉಳಿಸಿಕೊಂಡಿದ್ದೇವೆ. ಮೊದಲು ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಕುಕ್ಕೆ ಸುಬ್ರಹ್ಮಣ್ಯದಲ್ಲಿ, ಚಂಪಾಷಷ್ಠಿಯ ದಿನಗಳಲ್ಲಿ, ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಭಕ್ತರು ಉರುಳುತ್ತಿದ್ದರು. ತುಳುವಿನಲ್ಲಿ ಮಡೆ ಅಂದರೆ ಎಂಜಲು. ಆ ಎಂಜಲು ಮೈಗೆ ತಾಗಿದರೆ ಚರ್ಮರೋಗ ವಾಸಿಯಾಗುತ್ತದೆ, ಹೊತ್ತ ಹರಕೆ ಸಲ್ಲುತ್ತದೆ ಎಂಬುದು ನಂಬಿಕೆ. ಅದೇ ಮಡೆಸ್ನಾನ.

ಇದರ ವಿರುದ್ಧ ದನಿ ಎತ್ತಿದ ಹಿಂದುಳಿದ ವರ್ಗಗಳ ನಾಯಕ ಕೆ.ಎಸ್. ಶಿವರಾಮು ಅವರ ಮೇಲೆ 2011ರಲ್ಲಿ ಸುಬ್ರಹ್ಮಣ್ಯದಲ್ಲೇ ಹಲ್ಲೆ ನಡೆಯಿತು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ನಡುವೆ ಓಡಾಡಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. 2017ರಲ್ಲಿ ರಾಜ್ಯದ ವಿಧಾನಮಂಡಲ ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಆ ಕಾಯ್ದೆಯ ಪಟ್ಟಿಯಲ್ಲಿ ಮಡೆಸ್ನಾನವೂ ಇದೆ.

‘ಮುಗೀತಲ್ಲ ಮಾರಾಯ್ರೆ, ಈಗ ಎಂತಕ್ಕೆ ಅದನ್ನು ಕೆದಕುವುದು?’ ಎನ್ನುವವರಿದ್ದಾರೆ. ಮುಗಿದಿಲ್ಲ. ಕಾಯ್ದೆ ಉರುಳುವ ಮೈಯನ್ನು ತಡೆಯಿತು. ಆ ಮೈಯನ್ನು ಉರುಳಿಸಿದ ತಿಳಿವಳಿಕೆಯನ್ನು ಮುಟ್ಟಲಿಲ್ಲ. ಎಂಜಲಿನಲ್ಲಿ ಔಷಧಿ ಇದೆ ಎಂದು ಗೊತ್ತಾದದ್ದು ಯಾರಿಗೆ? ಹೇಗೆ ಗೊತ್ತಾಯಿತು? ಈ ಪ್ರಶ್ನೆ ಎಲೆಯ ಕೆಳಗೆ ಹಾಗೇ ಬಿದ್ದಿದೆ.

ಕಜ್ಜಿ ಬರುವುದು ಚರ್ಮದೊಳಗೆ ಬಿಲ ಕೊರೆಯುವ ಸಣ್ಣ ನುಸಿಯಿಂದ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಕಣಗಳು ನಾಶವಾದಾಗ. ಕುಷ್ಠ ಬರುವುದು ಒಂದು ರೋಗಾಣುವಿನಿಂದ. 1873ರಲ್ಲೇ ನಾರ್ವೆಯ ಹಾನ್ಸನ್ ಅದನ್ನು ಕಂಡುಹಿಡಿದ. ಇಂದು ಆ ರೋಗಕ್ಕೆ ಮಾತ್ರೆ ಇದೆ, ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ನುಸಿಗೆ ಉಂಡವನ ಜಾತಿ ಗೊತ್ತಿಲ್ಲ. ರೋಗಾಣು ಗೋತ್ರ ಕೇಳುವುದಿಲ್ಲ. ಹಾಗಾದರೆ ಮದ್ದಿಗೆ ಮಾತ್ರ ಜಾತಿ ಬಂದದ್ದು ಎಲ್ಲಿಂದ?

ಉತ್ತರ ಬೇಕಾದರೆ ಇದೇ ಕರಾವಳಿಯ ಇನ್ನೊಂದು ‘ವೈದ್ಯ’ವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದರ ಹೆಸರು ಅಜಲು. ಮೇಲುಜಾತಿಯವರ ಮನೆಯ ಕಾಯಿಲೆ ಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ತಿಂದವನ ಮೈಗೆ ರೋಗ ದಾಟುತ್ತದಂತೆ! ಇದನ್ನು ನಿಲ್ಲಿಸಲು ಸ್ವತಂತ್ರ ಭಾರತದಲ್ಲಿ 2000ನೇ ಇಸವಿಯ ಒಂದು ಕಾಯ್ದೆಯೇ ಬೇಕಾಯಿತು.

ಎರಡನ್ನೂ ಒಟ್ಟಿಗೆ ಓದಿ ಗೆಳೆಯರೇ. ತುದಿಯಲ್ಲಿ ಕೂತವನ ಎಂಜಲಿನಿಂದ ಆರೋಗ್ಯ ಕೆಳಗಿಳಿಯುತ್ತದೆ. ಬುಡದಲ್ಲಿ ನಿಂತವನ ಹೊಟ್ಟೆಗೆ ರೋಗ ಕೆಳಗಿಳಿಯುತ್ತದೆ. ಕೊರಗನ ಎಲೆಯ ಮೇಲೆ ಉರುಳಿದರೆ ಭಟ್ಟರ ಕಜ್ಜಿ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದ್ದುಂಟೇ? ಇಲ್ಲ. ಯಾಕೆಂದರೆ ಇದು ರೋಗದ ಜ್ಞಾನವೇ ಅಲ್ಲ, ಏಣಿಯ ಜ್ಞಾನ. ಸಮಾಜದ ಏಣಿಯನ್ನೇ ಪ್ರಕೃತಿಯ ನಿಯಮವೆಂದು ಹೇಳಿ, ಅದಕ್ಕೆ ದೇವರ ಸಹಿ ಹಾಕಿಸಿದ್ದಾರೆ. ಪುರೋಹಿತಶಾಹಿ ಮಾಡಿದ ಕೆಲಸ ಇಷ್ಟೇ.

‘ಯಾರೂ ಬಲವಂತ ಮಾಡಿಲ್ಲ, ಬ್ರಾಹ್ಮಣರೂ ಉರುಳಿದ್ದಾರೆ, ಮಲೆಕುಡಿಯರೇ ಬೇಕು ಅಂದಿದ್ದಾರೆ’ ಎಂಬ ವಾದವಿದೆ. ಹೌದು, 2011ರಲ್ಲಿ ನಿಷೇಧದ ಮಾತು ಬಂದಾಗ ಮಲೆಕುಡಿಯರು ವಿರೋಧಿಸಿದರು. ಸುಬ್ರಹ್ಮಣ್ಯದ ರಥ ಕಟ್ಟುವ ಕೈಗಳು ಅವರವು. ಅವರನ್ನು ನಾವು ಮೂಢರೆಂದು ನಗುವುದಿಲ್ಲ. ದೇವಸ್ಥಾನದಲ್ಲಿ ತಮ್ಮ ಪಾಲು ಉಳಿದಿರುವುದೇ ಆಚರಣೆಗಳಲ್ಲಿ ಎಂದು ಕಂಡವರು ಆಚರಣೆ ಹೋದರೆ ಪಾಲೂ ಹೋದೀತೆಂದು ಹೆದರುವುದು ಸಹಜ. ಆದರೆ ಒಂದು ಮಾತು: ಯಾರು ಉರುಳಿದರು ಎಂಬುದಕ್ಕಿಂತ ಯಾರ ಎಲೆ ಎಂಬುದು ಮುಖ್ಯ. ಉರುಳುವವನ ಜಾತಿ ಬದಲಾಗಬಹುದಿತ್ತು, ಉಣ್ಣುವವನ ಜಾತಿ ಬದಲಾಗುತ್ತಿರಲಿಲ್ಲ. ಕಟ್ಟುಪಾಡು ಇದ್ದದ್ದು ಅಲ್ಲಿ.

ಇನ್ನು ಲೆಕ್ಕ. ಇಷ್ಟು ಕಾಲ ಉರುಳಿದವರಲ್ಲಿ ಎಷ್ಟು ಮಂದಿಗೆ ವಾಸಿಯಾಯಿತು, ಎಷ್ಟು ಮಂದಿಗೆ ಆಗಲಿಲ್ಲ? ವಾಸಿಯಾದರೆ ದೇವರ ಮಹಿಮೆ. ಆಗದಿದ್ದರೆ ನಿನ್ನ ಭಕ್ತಿ ಸಾಲದು, ನಿನ್ನ ಕರ್ಮ. ಗೆದ್ದರೂ ಅವರೇ, ಸೋತರೂ ಅವರೇ. ಎಂದೂ ಸುಳ್ಳಾಗಲು ಒಪ್ಪದ ಮಾತು ನಿಜವೂ ಆಗಲಾರದು. ತಪ್ಪಿದರೆ ತಪ್ಪಿತು ಎನ್ನುವ ಧೈರ್ಯವಿರುವ ಮಾತಿಗೆ ಮಾತ್ರ ಸತ್ಯದ ಬಾಗಿಲು ತೆರೆಯುತ್ತದೆ.

ಹಾಗಂತ ವಿಜ್ಞಾನ ಅಂದಕೂಡಲೇ ಕೈಮುಗಿಯಬೇಕೇ? ಅದೂ ಬೇಡ. ನಮ್ಮದೇ ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ, ಗಡಿಯಾಚೆ ಕಾಸರಗೋಡಿನ ತೋಟಗಳ ಮೇಲೆ, 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಊರುಗಳಲ್ಲಿ ಅಂಗವಿಕಲ ಮಕ್ಕಳು ಹುಟ್ಟಿದರು. ಎಣ್ಮಕಜೆಯ ಪಡ್ರೆಯಲ್ಲಿ ಜನ ಮೊದಲು ಹೇಳಿದ್ದು ಜಟಾಧಾರಿ ದೈವದ ಶಾಪ ಎಂದು. ಮಗುವನ್ನು ಹೆತ್ತ ತಾಯಿ ತನ್ನ ತಪ್ಪನ್ನೇ ಹುಡುಕುತ್ತ ಕೂತಳು. ಆಗ ತಜ್ಞರೆಂಬವರೇನು ಹೇಳಿದರು? ಕೋಟು ಹಾಕಿದ ಸಮಿತಿಗಳು ಬಂದು ಔಷಧಿಗೂ ರೋಗಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟದ್ದೂ ಉಂಟು. ಒಂದು ಕಡೆ ಶಾಪದ ಮಂತ್ರ, ಇನ್ನೊಂದು ಕಡೆ ವರದಿಯ ಮಂತ್ರ. ನಡುವೆ ಸುಟ್ಟದ್ದು ಬಡವರ ಮೈ.

ಸತ್ಯ ಹೊರಬಂದದ್ದು ಹೇಗೆ? ವಾಣೀನಗರದ ಡಾಕ್ಟರು ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ಗಮನಿಸಿ, ರೋಗಗಳ ಲೆಕ್ಕ ಇಟ್ಟರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ನೊಂದವರು ಬೀದಿಗೆ ಬಂದರು. 2002ರಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಪಡ್ರೆಯ ಮಕ್ಕಳ ರಕ್ತದಲ್ಲೇ ವಿಷ ಕಂಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು. ವಿಜ್ಞಾನದ ದೊಡ್ಡತನ ಇಲ್ಲಿದೆ: ಒಬ್ಬ ಹಳ್ಳಿ ಡಾಕ್ಟರನ ಟಿಪ್ಪಣಿ ದೊಡ್ಡ ತಜ್ಞರನ್ನು ತಿರುಗಿಸಿ ಕೇಳಬಹುದು. ಎಲೆಯ ಮೇಲೆ ಉರುಳಿದವನಿಗೆ ಹಾಗೆ ಕೇಳುವ ಜಾಗವೇ ಇರಲಿಲ್ಲ. ಆದರೆ ವಿಜ್ಞಾನದ ಆ ಬಾಗಿಲೂ ತಾನಾಗಿ ತೆರೆಯುವುದಿಲ್ಲ. ನೊಂದವರು ಒದೆಯಬೇಕು.

ಕೇಳುವ, ನೋಡುವ, ಪರೀಕ್ಷಿಸುವ ಬುದ್ಧಿ ಪರದೇಶದಿಂದ ಬಂದದ್ದು ಎನ್ನುವವರಿಗೆ ನಮ್ಮ ಪಾಡ್ದನಗಳೇ ಉತ್ತರ. ಪುತ್ತೂರು ಸೀಮೆಯ ಪಡುಮಲೆಯ ಬಲ್ಲಾಳನ ಕಾಲಿನ ಗಾಯ ಕೀವು ತುಂಬಿದಾಗ ಕರೆಸಿದ್ದು ದೇಯಿ ಬೈದ್ಯೆತಿಯನ್ನು, ಕೋಟಿ ಚೆನ್ನಯರ ತಾಯಿಯನ್ನು. ತುಂಬಿದ ಬಸುರಿ. ಮುಟ್ಟಲು ದೂರ ಇಡುತ್ತಿದ್ದ ಜಾತಿಯ ಹೆಣ್ಣು. ಅವಳು ಬಲ್ಲಾಳನನ್ನು ಯಾರ ಎಂಜಲಿನ ಮೇಲೂ ಉರುಳಿಸಲಿಲ್ಲ. ಮದ್ದು ಕೊಟ್ಟಳು, ಗಾಯ ಮಾಯಿತು. ಇದು ಕಥೆಯೇ ಇರಬಹುದು. ಆದರೆ ಮದ್ದಿನ ತಿಳಿವಳಿಕೆ ಯಾರ ಕೈಯಲ್ಲಿತ್ತು ಎಂಬುದನ್ನು ಆ ಕಥೆ ಮರೆತಿಲ್ಲ. ಮರೆತವರು ನಾವು.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಸಂವಿಧಾನಕ್ಕೆ 1976ರ ತಿದ್ದುಪಡಿ ಸೇರಿಸಿದ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವೂ ಒಂದು. ಕ್ಲಾಸಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆಸುವ ಮೇಷ್ಟ್ರುಗಳಾದ ನಾವೇ, ಮಗಳ ಮದುವೆ ತಡವಾದರೆ ನಾಗದೋಷಕ್ಕೆ ಚೀಟಿ ಮಾಡಿಸುತ್ತೇವೆ. ಹುಡುಗರು ನಮ್ಮ ಪಾಠ ಕೇಳುವುದಿಲ್ಲ, ನಮ್ಮ ಕಾಲು ಎತ್ತ ಹೋಗುತ್ತದೆ ಎಂದು ನೋಡುತ್ತಾರೆ.

ದೇವರಿದ್ದಾನೋ ಇಲ್ಲವೋ ಎಂಬ ಜಗಳ ಇವತ್ತು ಬೇಡ. ಒಂದು ನಂಬಿಕೆ ಎದುರಾದಾಗ ಮೂರೇ ಪ್ರಶ್ನೆ ಕೇಳೋಣ. ಇದು ಸುಳ್ಳಾದರೆ ಯಾರ ಮೈಗೆ ನೋವು? ಇದು ನಡೆದರೆ ಯಾರ ಪೀಠ ಗಟ್ಟಿ? ಕೇಳಿದವನಿಗೆ ಸಿಗುವುದು ಉತ್ತರವೋ, ಏಟೋ? ಇದೇ ಮೂರು ಪ್ರಶ್ನೆ ಸಮಿತಿಯ ವರದಿಗೂ, ಕಂಪನಿಯ ಡಬ್ಬಿಗೂ, ನಮ್ಮ ಸಂಘಟನೆಯ ನಾಯಕರ ಮಾತಿಗೂ ಅನ್ವಯ.

ಮೈಯಲ್ಲಿ ಕಜ್ಜಿಯಿದ್ದವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಉಂಡ ಎಲೆಯನ್ನು ಉಂಡವರೇ ಎತ್ತಲಿ.