ಸಿಸಿ ಹಾಕುವ ಮುನ್ನ ಫೋನ್ ಮಾಡಿ

ಡಲ್ಲಾಸ್‌ನಲ್ಲಿ, ಸ್ಯಾನ್ ಹೋಸೆಯಲ್ಲಿ, ಲಂಡನ್ನಿನಲ್ಲಿ ಕೂತು ಬೆಂಗಳೂರಿನ ತಂಡಗಳನ್ನು ನಡೆಸುತ್ತಿರುವ ಕನ್ನಡದ ಮ್ಯಾನೇಜರುಗಳೇ, ಈ ಮಾತು ಮೊದಲು ನಿಮಗೆ. ಕೆಲಸ ತಡವಾಗಿದೆ. ನಿಮ್ಮ ಮೇಲಿನವರು ಕೇಳುತ್ತಿದ್ದಾರೆ. ಮಧ್ಯಾಹ್ನ ಮೂರಕ್ಕೆ ನೀವೊಂದು ಮೇಲ್ ಬರೆಯುತ್ತೀರಿ: ಯಾಕೆ ಆಗಿಲ್ಲ, ಯಾರು ಹೊಣೆ, ಇನ್ನೊಮ್ಮೆ ಹೀಗಾದರೆ ಸಹಿಸುವುದಿಲ್ಲ. ಸಿಸಿಯಲ್ಲಿ ಡೈರೆಕ್ಟರ್, ಕ್ಲೈಂಟ್, ಇಲ್ಲಿನ ಲೀಡ್, ಲೀಡಿನ ಮೇಲಿನವರು. ಡಲ್ಲಾಸ್‌ನ ಮಧ್ಯಾಹ್ನ ಮೂರೆಂದರೆ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಮಾರತ್ತಹಳ್ಳಿಯ ಯಾವುದೋ ಪಿಜಿಯಲ್ಲಿ ಮಲಗಿರುವ ಇಪ್ಪತ್ನಾಲ್ಕರ ಹುಡುಗಿ ಬೆಳಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಉತ್ತರ ಕೊಡೋಣವೆಂದರೆ ಅಷ್ಟು ಹೊತ್ತಿಗೆ ನೀವು ಮಲಗುವ ತಯಾರಿಯಲ್ಲಿರುತ್ತೀರಿ. ಹಗಲೆಲ್ಲ ಅದು ಅವಳ ಎದೆಯ ಮೇಲೆ ಕೂತಿರುತ್ತದೆ. ಸಂಜೆ ಕಾಲ್‌ಗೆ ಬರುವಾಗ ಕೆಲಸ ಎಲ್ಲಿ ಸಿಕ್ಕಿಕೊಂಡಿದೆಯೆಂದು ಹೇಳುವ ಮನಸ್ಸು ಅವಳಿಗೆ ಉಳಿದಿರುವುದಿಲ್ಲ. ತನ್ನ ತಲೆ ಉಳಿಸಿಕೊಂಡರೆ ಸಾಕು ಎಂದುಕೊಂಡೇ ಬರುತ್ತಾಳೆ.

ಆ ಮೇಲ್ ಕಳಿಸಬೇಡಿ. ಇದನ್ನು ಬೇಡಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ದೂರದ ತಂಡದೊಡನೆ ಮನಸ್ತಾಪ ಬೆಳೆಯುವುದು ಮಾತು ನಿಂತ ಕಡೆ. ಕ್ಯಾಥರೀನ್ ಕ್ರಾಮ್ಟನ್ ಎಂಬ ಸಂಶೋಧಕಿ ಬೇರೆ ಬೇರೆ ಊರುಗಳಲ್ಲಿ ಕೂತು ಒಂದೇ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿ ತಂಡಗಳನ್ನು ಗಮನಿಸಿ 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಂದೇಶಕ್ಕೆ ಉತ್ತರ ಬಾರದಿದ್ದಾಗ ಆ ಕಡೆಯವರ ಪರಿಸ್ಥಿತಿ ಏನಿರಬಹುದೆಂದು ಯೋಚಿಸುವ ಬದಲು ಅವರ ಸ್ವಭಾವವನ್ನೇ ದೂರುವುದು ಅಲ್ಲಿ ಮತ್ತೆ ಮತ್ತೆ ಕಂಡಿತು. ನಮ್ಮ ಆಫೀಸುಗಳಲ್ಲಿ ಇದು ದಿನನಿತ್ಯದ ಮಾತು. ಬೆಂಗಳೂರಿನಲ್ಲಿ ಅಂದು ಯುಗಾದಿ ರಜೆ ಇದ್ದಿರಬಹುದು, ಸರ್ವರ್ ಪ್ರವೇಶಕ್ಕೆ ನಿಮ್ಮ ಕಡೆಯವರೇ ಅನುಮತಿ ಕೊಡದೆ ನಾಲ್ಕು ದಿನ ಆಗಿರಬಹುದು. ಅಲ್ಲಿಗೆ ತಲುಪುವ ಮಾತು ಮಾತ್ರ ಒಂದೇ: ಆಫ್‌ಶೋರ್‌ನವರಿಗೆ ಓನರ್‌ಶಿಪ್ ಇಲ್ಲ. ಇಲ್ಲಿಯೂ ಅಷ್ಟೇ. ನಿಮ್ಮ ಮೇಲೆ ಯಾವ ಒತ್ತಡ ಬಿದ್ದಿದೆ, ಯಾರಿಗೆ ನೀವು ಉತ್ತರ ಕೊಡಬೇಕಿದೆ ಎಂಬುದು ಇವರಿಗೆ ಕಾಣುವುದಿಲ್ಲ. ಕ್ಯಾಂಟೀನಿನಲ್ಲಿ ನಿಮ್ಮ ಹೆಸರು ಒಬ್ಬ ದುಷ್ಟನ ಹೆಸರಾಗಿ ಓಡಾಡುತ್ತಿರುತ್ತದೆ. ಎರಡೂ ಕಡೆ ಇರುವವರು ಕೆಟ್ಟವರಲ್ಲ ಎಂದು ನಾನು ಮನಸಾರೆ ನಂಬುತ್ತೇನೆ. ಅದಕ್ಕೇ ಈ ಸಂಕಟ.

ಇದು ಬರಿಯ ಮನಸ್ಸು ನೋಯುವ ವಿಷಯ ಎಂದು ತಳ್ಳಿಹಾಕುವವರಿಗೆ 1986ರ ಜನವರಿ 27ರ ರಾತ್ರಿಯನ್ನು ನೆನಪಿಸಬೇಕು. ಚಾಲೆಂಜರ್ ಗಗನನೌಕೆ ಹಾರುವುದಕ್ಕೆ ಮುಂಚಿನ ರಾತ್ರಿ ಅದು. ರಾಕೆಟ್ ತಯಾರಿಸಿದ ಥಯೋಕೋಲ್ ಕಂಪನಿಯ ಎಂಜಿನಿಯರುಗಳು ಯೂಟಾದಲ್ಲಿ, ನಾಸಾದವರು ಕೆಲವರು ಅಲಬಾಮಾದಲ್ಲಿ, ಕೆಲವರು ಫ್ಲಾರಿಡಾದ ಉಡಾವಣಾ ಕೇಂದ್ರದಲ್ಲಿ. ಮೂರು ಕಡೆಯವರ ನಡುವೆ ಇದ್ದದ್ದು ಟೆಲಿಫೋನ್ ತಂತಿ, ಫ್ಯಾಕ್ಸ್‌ನಲ್ಲಿ ಬಂದ ಕೆಲವು ಹಾಳೆ. ಹೊರಗೆ ಚಳಿ ವಿಪರೀತವಿದೆ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಬ್ಬರಿನ ಓ-ರಿಂಗ್‌ಗಳನ್ನು ನಂಬಲಾಗದು, ಹಾರಿಸಬೇಡಿ ಎಂದು ರೋಜರ್ ಬೋಯ್‌ಜೋಲಿ ಮತ್ತವರ ಸಂಗಡಿಗರು ವಾದಿಸಿದರು. ನಾಸಾ ಒಪ್ಪಲಿಲ್ಲ, ಮರುಪ್ರಶ್ನೆ ಹಾಕಿತು. ಥಯೋಕೋಲ್‌ನವರು ಐದು ನಿಮಿಷ ಕೇಳಿಕೊಂಡು ಲೈನ್ ಮ್ಯೂಟ್ ಮಾಡಿದರು. ಆ ಐದು ನಿಮಿಷ ಹತ್ತಿರ ಹತ್ತಿರ ಅರ್ಧ ಗಂಟೆಯಾಯಿತು. ಎಂಜಿನಿಯರುಗಳು ಅಲ್ಲೂ ಬೇಡವೆಂದರು. ಕೊನೆಗೆ ನಾಲ್ವರು ಹಿರಿಯ ಮ್ಯಾನೇಜರುಗಳು ತಾವೇ ತೀರ್ಮಾನಿಸಿ, ಲೈನಿಗೆ ಮರಳಿ, ಹಾರಿಸಬಹುದು ಎಂದರು. ಯಾರಿಗಾದರೂ ಬೇರೆ ಅಭಿಪ್ರಾಯವಿದೆಯೇ ಎಂದು ನಾಸಾ ಕಡೆಯಿಂದ ಒಂದು ಪ್ರಶ್ನೆಯೂ ಬಂತು. ಯಾರೂ ಬಾಯಿ ಬಿಡಲಿಲ್ಲ. ಮರುದಿನ ನೌಕೆ 73ನೇ ಸೆಕೆಂಡಿನಲ್ಲಿ ಛಿದ್ರವಾಯಿತು. ಏಳು ಜನ ಸತ್ತರು.

ನಮ್ಮ ಕಾಲ್‌ಗಳಲ್ಲಿ ಆಗುವ ತೀರ್ಮಾನಗಳಿಂದ ನೌಕೆ ಉರುಳುವುದಿಲ್ಲ, ನಿಜ. ಆದರೆ ಆಸ್ಪತ್ರೆಗಳ ಯಂತ್ರಕ್ಕೆ, ಬ್ಯಾಂಕುಗಳ ಲೆಕ್ಕಕ್ಕೆ, ಕಾರುಗಳ ಬ್ರೇಕಿಗೆ ಬೇಕಾದ ಕೋಡ್ ಬರೆಯುವವರು ಈ ಊರಿನಲ್ಲಿದ್ದಾರೆ. ತೀರ್ಮಾನವೆಲ್ಲ ಮುಗಿದ ಮೇಲೆ, ಕಾಲ್‌ನ ಕೊನೆಯ ನಿಮಿಷದಲ್ಲಿ, ಆಫ್‌ಶೋರ್‌ನಿಂದ ಏನಾದರೂ ಇದೆಯೇ ಎಂದು ಕೇಳಿದರೆ ಅದನ್ನು ಕೇಳಿದಂತೆ ಎನ್ನಲಾಗದು. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಹತ್ತು ಜನ ಮ್ಯೂಟ್‌ನಲ್ಲಿರುತ್ತಾರೆ. ಅವರಲ್ಲೊಬ್ಬರಿಗೆ ಈ ರಿಲೀಸ್ ಒಡೆಯುತ್ತದೆಂದು ಗೊತ್ತಿರುತ್ತದೆ. ಅಪ್ರೈಸಲ್ ಬರೆಯುವ ಕೈ ನಿಮ್ಮದು, ಪಿಐಪಿಗೆ ಹೆಸರು ಕಳಿಸುವ ಕೈಯೂ ನಿಮ್ಮದೇ ಎಂಬುದೂ ಗೊತ್ತಿರುತ್ತದೆ. ಬೋಯ್‌ಜೋಲಿ ಆಮೇಲೆ ತನಿಖಾ ಆಯೋಗದ ಮುಂದೆ ನಿಜ ಹೇಳಿದರು, ಅದಕ್ಕಾಗಿ ಕಂಪನಿಯಲ್ಲಿ ಒಂಟಿಯಾದರು, ಕೆಲಸ ಬಿಟ್ಟರು. ಸತ್ಯ ಹೇಳಿದವರಿಗೆ ಏನು ಕಾದಿದೆಯೆಂದು ನಮ್ಮ ಹುಡುಗರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಪಕ್ಕದ ಸೀಟು ಖಾಲಿಯಾದದ್ದನ್ನು ಅವರು ನೋಡಿದ್ದಾರೆ.

ಈ ಮೌನವನ್ನು ಮುರಿಯುವ ಹೊಣೆ ಅಧಿಕಾರ ಇರುವವರದು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ ರಾತ್ರಿ ಕ್ಯಾಬಿಗಾಗಿ ಕಾದವರು. ಆನ್‌ಸೈಟ್‌ನವರ ಸಿಡುಕು ಕೇಳಿ ಊಟ ಬಿಟ್ಟವರು. ಈಗ ನೀವು ಆ ತುದಿಗೆ ಹೋಗಿದ್ದೀರಿ. ನಿಮಗೆ ಕನ್ನಡ ಬರುತ್ತದೆ, ಇಲ್ಲಿಯ ಮನೆ, ಟ್ರಾಫಿಕ್, ಹಬ್ಬ, ಅಪ್ಪ ಅಮ್ಮನ ಡಯಾಲಿಸಿಸ್ ಎಲ್ಲವೂ ಗೊತ್ತು. ಬೇರೆ ದೇಶದ ಮ್ಯಾನೇಜರ್ ತಿಳಿಯದೆ ಮಾಡುವ ಗಾಯವನ್ನು ಎಲ್ಲ ತಿಳಿದ ನೀವು ಮಾಡಿದರೆ ಅದರ ನೋವು ಹೆಚ್ಚು.

ಬೆಂಗಳೂರಿನ ಲೀಡುಗಳೇ, ನಿಮ್ಮನ್ನೂ ಬಿಡಲಾರೆ. ತಂಡವನ್ನು ಒಂದು ಮಾತೂ ಕೇಳದೆ ಶುಕ್ರವಾರಕ್ಕೆ ಕೊಡುತ್ತೇವೆ ಎಂದು ಕಾಲ್‌ನಲ್ಲಿ ಒಪ್ಪಿಕೊಂಡು, ಆಮೇಲೆ ತಂಡದ ಕಡೆ ತಿರುಗಿ ಆನ್‌ಸೈಟ್‌ನವರು ಹೀಗೆ ಹೇಳಿದ್ದಾರೆ ಎನ್ನುವುದು ಎರಡೂ ಕಡೆಗೆ ಬಗೆಯುವ ದ್ರೋಹ. ಕೆಂಪಾಗಿರುವ ಸ್ಟೇಟಸ್‌ಗೆ ಹಸಿರು ಬಳಿಯಬೇಡಿ. ದೂರದ ಮ್ಯಾನೇಜರ್‌ಗೆ ಈ ತಂಡ ಕಾಣುವುದು ನಿಮ್ಮ ಕಣ್ಣಿನಿಂದ. ಆಗುವುದಿಲ್ಲ ಎಂದು ಸೋಮವಾರವೇ ಹೇಳಿದರೆ ಅವರಿಗೆ ಕ್ಲೈಂಟ್ ಬಳಿ ಮಾತಾಡಲು ಐದು ದಿನ ಸಿಗುತ್ತದೆ, ಗುರುವಾರ ರಾತ್ರಿ ಹೇಳಿದರೆ ಆ ಮೇಲ್ ಬಿಟ್ಟು ಅವರ ಕೈಯಲ್ಲಿ ಬೇರೇನೂ ಇರುವುದಿಲ್ಲ. ಕಿರಿಯರು ತಪ್ಪು ತೋರಿಸಿದಾಗ ಅವರ ಬೆನ್ನಿಗೆ ನಿಲ್ಲಿ. ಅವರ ಮಾತನ್ನು ಅವರ ಹೆಸರಿನಲ್ಲೇ ಮೇಲಕ್ಕೆ ಮುಟ್ಟಿಸಿ.

ಕಂಪನಿಗಳಿಗೂ ಒಂದು ಮಾತಿದೆ. 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕ್ಷೇತ್ರಕ್ಕೆ ಕರ್ನಾಟಕ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂದಿತ್ತು. 2024ರಲ್ಲಿ ಮತ್ತೆ ಐದು ವರ್ಷ ಕೊಟ್ಟಿತು. ಅದರ ಜೊತೆಗೊಂದು ಷರತ್ತಿತ್ತು: ಮಾಲೀಕರ ಕಡೆಯವರೂ ನೌಕರರ ಕಡೆಯವರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ನಿಮ್ಮ ಆಫೀಸಿನಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆಂದು ಒಬ್ಬ ಹೊಸ ಹುಡುಗನನ್ನು ಕೇಳಿನೋಡಿ. ಗೊತ್ತಿಲ್ಲವೆಂದರೆ ಅವರ ಹೆಸರುಗಳನ್ನು ನಾಳೆಯೇ ನೋಟಿಸ್ ಬೋರ್ಡಿಗೆ ಹಾಕಿ. ಸಮುದ್ರದಾಚೆಯ ಮ್ಯಾನೇಜರ್ ಮೇಲಿನ ದೂರನ್ನೂ ಆ ಸಮಿತಿ ಕೈಗೆತ್ತಿಕೊಳ್ಳಲಿ.

ಇನ್ನು ರಾತ್ರಿಯ ಪ್ರಶ್ನೆ. ಸ್ಯಾನ್ ಹೋಸೆಯ ಬೆಳಗ್ಗೆ ಒಂಬತ್ತರ ಕಾಲ್ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಇಲ್ಲಿಯ ಕಾಲ್ ಯಾರನ್ನೂ ಕೇಳದೆ ಹತ್ತೂವರೆಗೆ ಹೋಗುತ್ತದೆ. ಮಗುವನ್ನು ಮಲಗಿಸಬೇಕಾದ ತಾಯಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಾಳೆ. ಆ ಹೊತ್ತಿನಲ್ಲಿ ಯಾರ ನಾಲಿಗೆಯಿಂದಲೂ ತಾಳ್ಮೆಯ ಮಾತು ಬರುವುದು ಕಷ್ಟ. ಸಣ್ಣ ತಕರಾರು ಜಗಳವಾಗುವುದು ಆಗಲೇ. ವಾರಕ್ಕೆರಡು ದಿನ ನೀವು ಬೆಳಗಿನ ಆರಕ್ಕೆ ಎದ್ದು ಕೂತರೆ ಇಲ್ಲಿ ಚಳಿಗಾಲದಲ್ಲೂ ಸಂಜೆ ಏಳೂವರೆ ಅಷ್ಟೆ. ನಿದ್ದೆಗೆಡುವ ಸರದಿ ನಿಮಗೂ ಬರಲಿ.

ಮಾತಿಗೆ ಕಾರಣವೇ ಬೇಕಿಲ್ಲ. ಪಮೇಲಾ ಹೈಂಡ್ಸ್ ಮತ್ತು ಮಾರ್ಕ್ ಮಾರ್ಟೆನ್ಸನ್ 2005ರಲ್ಲಿ 43 ತಂಡಗಳ ಅಧ್ಯಯನ ಪ್ರಕಟಿಸಿದಾಗ, ದೂರ ಹಂಚಿಹೋದ ತಂಡಗಳಲ್ಲಿ ಘರ್ಷಣೆ ಹೆಚ್ಚೆಂದೂ, ಅಜೆಂಡಾ ಇಲ್ಲದೆ ಸಹಜವಾಗಿ ಆಡಿಕೊಳ್ಳುವ ಮಾತು ಇದ್ದಲ್ಲಿ ಅದು ತಗ್ಗುತ್ತದೆಂದೂ ಕಂಡರು. ಒಂದೇ ಕಟ್ಟಡದಲ್ಲಿದ್ದಾಗ ಕಾಫಿ ಮೆಷಿನ್ ಮುಂದೆ ತಾನಾಗಿ ನಡೆಯುತ್ತಿದ್ದ ಮಾತನ್ನು ದೂರದಲ್ಲಿರುವವರು ಬೇಕೆಂದೇ ಆಡಬೇಕಾಗುತ್ತದೆ.

ಆದ್ದರಿಂದ ಈ ವಾರವೇ, ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರೋ ಅವರಿಗೆ ಫೋನ್ ಮಾಡಿ. ಲೀಡ್ ಇರಬಾರದು, ರೆಕಾರ್ಡಿಂಗ್ ಇರಬಾರದು, ಅವರ ಹಗಲಿನಲ್ಲಿ ಮಾಡಿ. ಊಟ ಆಯ್ತಾ ಎಂದು ಕೇಳಿ. ನನ್ನಿಂದ ನಿಮ್ಮ ಕೆಲಸ ಎಲ್ಲಿ ಕಷ್ಟವಾಗುತ್ತಿದೆ ಎಂದು ಕೇಳಿ, ಕೇಳಿದ ಮೇಲೆ ಸಮರ್ಥನೆಗೆ ಇಳಿಯದೆ ಸುಮ್ಮನಿದ್ದು ಬರೆದುಕೊಳ್ಳಿ. ಮೊದಲ ಸಲ ಅವರು ಎಲ್ಲ ಚೆನ್ನಾಗಿದೆ ಸರ್ ಎನ್ನಬಹುದು. ಮುಂದಿನ ವಾರ ಮತ್ತೆ ಮಾಡಿ. ಅದರ ಮುಂದಿನ ವಾರವೂ ಮಾಡಿ. ಒಂದು ದಿನ ಅವರು ನಿಮ್ಮ ಪ್ಲಾನಿನಲ್ಲಿರುವ ತಪ್ಪು ಹೇಳುತ್ತಾರೆ. ಆಗ ಎಲ್ಲರಿಗೂ ಸಿಸಿ ಹಾಕಿ ಒಂದು ಮೇಲ್ ಬರೆಯಿರಿ, ತಪ್ಪನ್ನು ಕಂಡವರು ಇವರು ಎಂದು ಅವರ ಹೆಸರು ಹಾಕಿ.