ಹಳೇ ಅಲಮಾರಿ ತರೋ ಮೊದಲು

ಹಳೇ ಅಲಮಾರಿ ಫೋಟೋದಾಗ ಚಂದ ಕಾಣ್ತದೆ. ಖೂಬಾ ಪ್ಲಾಟಿನ ಮೂರನೇ ಮಹಡಿಗೆ ಏರಿಸ್ಬೇಕಲ್ಲ! ಮೊದಲು ಮೆಟ್ಟಿಲ ತಿರುವು ಅಳೀರಿ, ಕೋಣೆ ಆಮೇಲೆ. ಪಾಲಿಶ್‌ಗೆ ಮರುಳಾಗದೆ ಕಾಲು, ಹಿಂದಿನ ಹಲಗೆ ನೋಡಿ. ಸಾಗವಾನಿಯ ಕಂದು ತಿರುಳಿಗೆ ಹುಳ ಸುಲಭಕ್ಕೆ ಹತ್ತಲ್ಲ. ಅಂಚಿನ ಬಿಳಿ ಭಾಗವೇ ಮೊದಲ ತುತ್ತು. ತೂತಿನ ಕೆಳಗೆ ಹೊಸ ಪುಡಿ ಉದುರಿದ್ರೆ ಔಷಧಿ ಹಾಕಿಸದೆ ಮನೆಯೊಳಗೆ ತರಬ್ಯಾಡ್ರಿ.

ಊರ ಮನೆ ಪಾಲಾಗುವಾಗ ಅಜ್ಜನ ಅಲಮಾರಿ ಮಾರಿಬಿಡೋಣ ಅಂದ್ರು ಕಾಕಾ. ಅವರ ಪಾಲಿನ ದುಡ್ಡು ಕೊಟ್ಟು ನಾನೇ ಇಟ್ಕೊಂಡೆ. ಮಂಚ ಬಿಟ್ಟೆ, ಅದು ಬಂದ್ರೆ ನಾವು ಹೊರಗೆ ಮಲಗಬೇಕಿತ್ತು.

ಇನ್ನು ಜಾಗ. ನಮ್ಮ ಬ್ಯಾಸಿಗಿ 40 ಡಿಗ್ರಿ ದಾಟ್ತದೆ, ಮೇಲೆ ಕೂಲರಿನ ತೇವದ ಗಾಳಿ. ಕಟ್ಟಿಗೆ ಒಣಗಿ ಕುಗ್ತದೆ, ತೇವಕ್ಕೆ ಉಬ್ತದೆ, ಬಾಗಿಲು ಬಿಗೀತದೆ. ಕೂಲರಿನ ಎದುರು ಇಡಬ್ಯಾಡ್ರಿ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ.